ಪಿಟಿ ನಾರ್ಮಲ್, ಎಪಿಟಿಟಿ 78 ಸೆಕೆಂಡು: ಟಿಶ್ಯೂ ಫ್ಯಾಕ್ಟರ್ ದಾರಿ ಸರಿಯಿದ್ದ ಮೇಲೆ ಹಿಮೊಫಿಲಿಯಾದಲ್ಲಿ ರಕ್ತ ಯಾಕೆ ನಿಲ್ಲಲ್ಲ?

ನೀಲಿಮುಚ್ಚಳ — ಪ್ರಶ್ನೆ

ಎಲ್ಲರಿಗೂ ನಮಸ್ಕಾರ. ಎಂಎಲ್‌ಟಿ (ಲ್ಯಾಬ್ ತಂತ್ರಜ್ಞರ ಕೋರ್ಸ್) ಅಭ್ಯಾಸಕ್ಕೆ ಕೊಟ್ಟಿರುವ ಒಂದು ಕೇಸ್ ಹೀಗಿದೆ: 6 ವರ್ಷದ ಹುಡುಗ, ಬಿದ್ದ ಮಾರನೇ ದಿನ ಮೊಣಕಾಲು ಊದಿಕೊಂಡಿದೆ. ಪ್ಲಾಸ್ಮಾ, ಅಂದರೆ ರಕ್ತದ ದ್ರವಭಾಗ, ಎಷ್ಟು ಹೊತ್ತಿಗೆ ಹೆಪ್ಪುಗಟ್ಟುತ್ತದೆ ಎಂದು ಅಳೆಯುವ ಎರಡು ಪರೀಕ್ಷೆಗಳಲ್ಲಿ ಪಿಟಿ (ಪ್ರೋಥ್ರಾಂಬಿನ್ ಟೈಮ್) 12.4 ಸೆಕೆಂಡು (ಕಂಟ್ರೋಲ್ 12.0), ಎಪಿಟಿಟಿ (ಆಕ್ಟಿವೇಟೆಡ್ ಪಾರ್ಷಿಯಲ್ ಥ್ರಾಂಬೋಪ್ಲಾಸ್ಟಿನ್ ಟೈಮ್) 78 ಸೆಕೆಂಡು (ಕಂಟ್ರೋಲ್ 31), ಪ್ಲೇಟ್‌ಲೆಟ್ 2.8 ಲಕ್ಷ, ಫೈಬ್ರಿನೋಜೆನ್ ಸರಿ. ಹಿಮೊಫಿಲಿಯಾ (ಹೆಪ್ಪುಗಟ್ಟಿಸುವ ಫ್ಯಾಕ್ಟರ್ 8 ಅಥವಾ 9ರ ಹುಟ್ಟು ಕೊರತೆ) ಇರಬಹುದು ಎಂದು ಬರೆದು ಮಾರ್ಕ್ಸ್ ತೆಗೆದುಕೊಳ್ಳುವುದು ಕಷ್ಟವಲ್ಲ. ನನಗೆ ಅರ್ಥವಾಗದಿರುವುದು ಬೇರೆ.

ದೇಹದೊಳಗೆ ಹೆಪ್ಪುಗಟ್ಟುವ ಕೆಲಸ ಶುರುವಾಗುವುದೇ ಟಿಶ್ಯೂ ಫ್ಯಾಕ್ಟರ್‌ನಿಂದ, ಫ್ಯಾಕ್ಟರ್ 12ರ ದಾರಿ ಗಾಯದ ರಕ್ತ ನಿಲ್ಲಿಸಲು ಬೇಕೇ ಇಲ್ಲ ಎಂದು ಪಾಠದಲ್ಲಿದೆ. ಪಿಟಿ ಎಂದರೆ ಆ ಟಿಶ್ಯೂ ಫ್ಯಾಕ್ಟರ್ ದಾರಿಯದೇ ಪರೀಕ್ಷೆ. ಈ ಹುಡುಗನ ಪ್ಲಾಸ್ಮಾ 12.4 ಸೆಕೆಂಡಿಗೆ ಗಡ್ಡೆ ಕಟ್ಟಿದೆ. ಅಂದರೆ ಆ ದಾರಿಯ ಫ್ಯಾಕ್ಟರ್‌ಗಳಾದ 7, 10, 5, 2 (ಪ್ರೋಥ್ರಾಂಬಿನ್), ಫೈಬ್ರಿನೋಜೆನ್ ಎಲ್ಲವೂ ಸರಿ. ಹಾಗಿದ್ದರೆ 8 ಇಲ್ಲದಿದ್ದರೂ ನಡೆಯಬೇಕಿತ್ತಲ್ಲ? ಟಿಶ್ಯೂ ಫ್ಯಾಕ್ಟರ್ ಒಂದೇ 10ನ್ನು ಎಬ್ಬಿಸಬಲ್ಲದು ಎಂದಾದರೆ, 8 ಮತ್ತು 9 ಯಾಕೆ ಬೇಕು?

ಒಂದು ಕಡೆ ಟಿಶ್ಯೂ ಫ್ಯಾಕ್ಟರ್-7, ಇನ್ನೊಂದು ಕಡೆ 12-11-9-8, ಎರಡು ಬಾಣದ ದಾರಿಗಳು ಕೆಳಗೆ 10ರಲ್ಲಿ ಸೇರುವ ಚಿತ್ರ ಗೊತ್ತು. ಆ ಚಿತ್ರದಿಂದಲೇ ಈ ಪ್ರಶ್ನೆ ಹುಟ್ಟಿದ್ದು, ದಯವಿಟ್ಟು ಅದನ್ನೇ ಮತ್ತೆ ಹಾಕಬೇಡಿ.

ಫೈಬ್ರಿನ್‌ದಾರ

ಪ್ರಶ್ನೆ ಸರಿಯಾಗಿದೆ, ಉತ್ತರ ಮಾತ್ರ ಹುಡುಗನ ರಕ್ತದಲ್ಲಿಲ್ಲ, ಪಿಟಿ ರೀಏಜೆಂಟಿನ ಬಾಟಲಿಯಲ್ಲಿದೆ.

ಒಂದು ಲೀಟರ್ ಹಾಲಿಗೆ ಅರ್ಧ ಚಮಚ ಹೆಪ್ಪು ಬಿಟ್ಟರೆ ಮೊಸರಾಗಲು ರಾತ್ರಿಯಿಡೀ ಬೇಕು. ಹಾಲು ಬೆಚ್ಚಗಿರಬೇಕು, ಪಾತ್ರೆ ಅಲುಗಬಾರದು. ಅದೇ ಹಾಲಿಗೆ ಎರಡು ನಿಂಬೆಹಣ್ಣು ಹಿಂಡಿ, ಕಣ್ಣೆದುರಿಗೇ ಒಡೆಯುತ್ತದೆ. ಪಿಟಿ ನಿಂಬೆಹಣ್ಣು ಹಿಂಡುವ ಪರೀಕ್ಷೆ. ದೇಹದಲ್ಲಿ ನಡೆಯುವುದು ಅರ್ಧ ಚಮಚದ ವ್ಯವಹಾರ.

ಈಗ ವಿವರ. ಟಿಶ್ಯೂ ಫ್ಯಾಕ್ಟರ್, ಮುಂದೆ ಟಿಎಫ್ ಅನ್ನುತ್ತೇನೆ, 263 ಅಮೈನೋ ಆಮ್ಲಗಳ ಒಂದು ಪೊರೆ ಪ್ರೋಟೀನು. 219 ಕೋಶದ ಹೊರಕ್ಕೆ ಚಾಚಿವೆ, 23 ಪೊರೆಯಲ್ಲಿ ಹೂತಿವೆ, 21 ಒಳಗಿವೆ. ಉಳಿದ ಫ್ಯಾಕ್ಟರ್‌ಗಳ ಹಾಗೆ ಇದನ್ನು ಕತ್ತರಿಸಿ ಚುರುಕುಗೊಳಿಸಬೇಕಾಗಿಲ್ಲ, ಇದು ಕಿಣ್ವವೂ ಅಲ್ಲ. ರಕ್ತನಾಳದ ಹೊರಪದರದ ಫೈಬ್ರೋಬ್ಲಾಸ್ಟ್‌ಗಳು, ಸಣ್ಣ ನಾಳಗಳನ್ನು ತಬ್ಬಿದ ಪೆರಿಸೈಟ್‌ಗಳು, ಚರ್ಮದ ಮೇಲ್ಪದರ, ಮಿದುಳು, ಶ್ವಾಸಕೋಶ, ಮಾಸು, ಇಲ್ಲೆಲ್ಲ ಹೇರಳವಾಗಿರುತ್ತದೆ. ರಕ್ತ ತಾಗುವ ನಾಳದ ಒಳಪದರ, ಅಂದರೆ ಎಂಡೋಥೀಲಿಯಂ ಮೇಲೆ ಮಾಮೂಲಿನಲ್ಲಿ ಇರುವುದಿಲ್ಲ. ಹೀಗೆ ರಕ್ತ ಒಳಗೆ, ಟಿಎಫ್ ಹೊರಗೆ, ನಡುವೆ ಒಂದು ಗೋಡೆ. ಗೋಡೆ ಸೀಳಿದಾಗ ಎರಡೂ ಮುಖಾಮುಖಿಯಾಗುತ್ತವೆ.

ಟಿಎಫ್ ಹಿಡಿಯುವುದು ಫ್ಯಾಕ್ಟರ್ 7ನ್ನು. ಪ್ಲಾಸ್ಮಾದಲ್ಲಿ 7 ಇರುವುದು ಸುಮಾರು 10 ನ್ಯಾನೋಮೋಲಾರ್, ಅದರಲ್ಲಿ ನೂರಕ್ಕೆ ಒಂದರಷ್ಟು ಆಗಲೇ 7ಎ (‘ಎ’ ಎಂದರೆ ಆ ಫ್ಯಾಕ್ಟರ್‌ನ ಚುರುಕಾದ ರೂಪ) ರೂಪದಲ್ಲಿ ಸುತ್ತುತ್ತಿರುತ್ತದೆ. ಒಂಟಿ 7ಎ ಬಹಳ ದುರ್ಬಲ ಕಿಣ್ವ. ಇಷ್ಟು ದುರ್ಬಲವಾದ್ದರಿಂದಲೇ ರಕ್ತದಲ್ಲಿರುವ ತಡೆಪ್ರೋಟೀನು ಆಂಟಿಥ್ರಾಂಬಿನ್ ಅದರ ತಂಟೆಗೆ ಹೆಚ್ಚು ಹೋಗುವುದಿಲ್ಲ, ಸುಮಾರು 2 ಗಂಟೆಯ ಅರ್ಧಾಯುಷ್ಯದೊಂದಿಗೆ ಹಾಗೇ ಓಡಾಡಿಕೊಂಡಿರುತ್ತದೆ. ಟಿಎಫ್ ಕೈಗೆ ಸಿಕ್ಕಿದ ಕೂಡಲೇ ಅದರ ವೇಗ ಲಕ್ಷಪಟ್ಟಿಗಿಂತ ಹೆಚ್ಚಾಗುತ್ತದೆ. ಪಕ್ಕದಲ್ಲಿ ಟಿಎಫ್ ಹಿಡಿದು ಕೂತ ಚುರುಕಾಗದ 7 ಕೂಡ 10ಎ ಮತ್ತು 7ಎಗಳಿಂದ ಒಂದೇ ಜಾಗದಲ್ಲಿ, 152ನೇ ಆರ್ಜಿನಿನ್ ಮತ್ತು 153ನೇ ಐಸೋಲ್ಯೂಸಿನ್ ನಡುವೆ, ಕತ್ತರಿಸಿಕೊಂಡು 7ಎ ಆಗುತ್ತದೆ.

ಈ ಟಿಎಫ್-7ಎ ಜೋಡಿಗೆ ಗಿರಾಕಿಗಳು ಇಬ್ಬರು: 10 ಮತ್ತು 9. ನಿಮ್ಮ ಚಿತ್ರದಲ್ಲಿ ಬಿಟ್ಟುಹೋಗಿರುವ ಬಾಣ ಇದೇ. ಟಿಎಫ್-7ಎ ನೇರವಾಗಿ 9ನ್ನೂ ಎಬ್ಬಿಸುತ್ತದೆ ಎಂದು ತಿಳಿದದ್ದು 1977ರಲ್ಲಿ. ಮ್ಯಾಕ್‌ಫರ್ಲೇನ್ ಅವರೂ ಡೇವಿ-ರಾಟ್ನಾಫ್ ಅವರೂ ಜಲಪಾತದಂಥ ಸರಪಳಿಯನ್ನು ಬರೆದದ್ದು 1964ರಲ್ಲಿ. ಪಠ್ಯಪುಸ್ತಕಗಳು ಇಂದಿಗೂ 64ರ ಚಿತ್ರವನ್ನೇ ಅಚ್ಚು ಹಾಕುತ್ತಿವೆ.

ಹುಟ್ಟಿದ 10ಎ ಅದೇ ಕೋಶದ ಮೇಲೆ ಕೂತು, ಸಿಕ್ಕಷ್ಟು 5ಎ ಜೊತೆ ಸೇರಿ, ಚಿಟಿಕೆ ಥ್ರಾಂಬಿನ್ (ಫೈಬ್ರಿನೋಜೆನ್ನನ್ನು ಫೈಬ್ರಿನ್ ಎಳೆ ಮಾಡುವ ಕಿಣ್ವ) ಮಾಡುತ್ತದೆ. ಈ ಚಿಟಿಕೆಯಿಂದ ಗಟ್ಟಿ ಫೈಬ್ರಿನ್ ಬಲೆ ಆಗುವುದಿಲ್ಲ. ಅಷ್ಟರೊಳಗೆ ಟಿಎಫ್‌ಪಿಐ ಎಂಬ ತಡೆಪ್ರೋಟೀನು ಬರುತ್ತದೆ. ಅದರ ಎರಡನೇ ಕುನಿಟ್ಸ್ ಭಾಗ (ಕಿಣ್ವಕ್ಕೆ ಅಡ್ಡ ಕೂರುವ ಮಡಿಕೆ) 10ಎಯನ್ನು ಹಿಡಿಯುತ್ತದೆ, ಹಿಡಿದ ಮೇಲೆ ಮೊದಲನೇ ಕುನಿಟ್ಸ್ ಭಾಗ ಟಿಎಫ್-7ಎಯನ್ನೂ ಕಚ್ಚಿಕೊಳ್ಳುತ್ತದೆ. ನಾಲ್ಕೂ ಒಂದೇ ಗಂಟು. ಚಾತುರ್ಯ ನೋಡಿ: 10ಎ ಹುಟ್ಟುವವರೆಗೆ ಬೀಗ ಬೀಳುವುದಿಲ್ಲ, ಹುಟ್ಟಿದ ಮೇಲೆ ಆ 10ಎಯೇ ಬೀಗದ ಕೈ. ಟಿಎಫ್ ಕಡಿಮೆಯಿದ್ದಷ್ಟೂ ಈ ಬೀಗದ ಪರಿಣಾಮ ಜೋರು.

ಇಲ್ಲೇ 9ರ ಮಹತ್ವ. 10ಎ ಹುಟ್ಟಿದ ಕೋಶ ಬಿಟ್ಟು ದ್ರವಕ್ಕೆ ಇಳಿದರೆ ಟಿಎಫ್‌ಪಿಐ ಮತ್ತು ಆಂಟಿಥ್ರಾಂಬಿನ್ ಬೇಗನೆ ಮುಗಿಸಿಬಿಡುತ್ತವೆ, ಪಕ್ಕದ ಪ್ಲೇಟ್‌ಲೆಟ್ ತಲುಪುವಷ್ಟು ಬಾಳಿಕೆ ಅದಕ್ಕಿಲ್ಲ. 9ಎ ಹಾಗಲ್ಲ. ಟಿಎಫ್‌ಪಿಐ ಅದನ್ನು ಮುಟ್ಟುವುದಿಲ್ಲ, ಆಂಟಿಥ್ರಾಂಬಿನ್ ನಿಧಾನವಾಗಿ ಮುಟ್ಟುತ್ತದೆ. ಹಾಗಾಗಿ ಗಾಯದ ಗೋಡೆಯಿಂದ ಪ್ಲೇಟ್‌ಲೆಟ್ ಮೇಲಕ್ಕೆ ಸುದ್ದಿ ಒಯ್ಯುವುದು 9ಎ. ಅಷ್ಟರಲ್ಲಿ ಮೊದಲ ಚಿಟಿಕೆ ಥ್ರಾಂಬಿನ್ ಪ್ಲೇಟ್‌ಲೆಟ್‌ಗಳನ್ನು ಎಬ್ಬಿಸಿರುತ್ತದೆ, ವಾನ್ ವಿಲ್ಲೆಬ್ರಾಂಡ್ ಫ್ಯಾಕ್ಟರ್ ಎಂಬ ಹೊರುವ ಪ್ರೋಟೀನಿನ ತೆಕ್ಕೆಯಿಂದ 8ನ್ನು ಬಿಡಿಸಿ 8ಎ ಮಾಡಿರುತ್ತದೆ, 5ನ್ನು 5ಎ ಮಾಡಿರುತ್ತದೆ, 11ನ್ನೂ ಒಂದಿಷ್ಟು ಚುರುಕುಗೊಳಿಸಿರುತ್ತದೆ. ಎದ್ದ ಪ್ಲೇಟ್‌ಲೆಟ್ ಮೇಲೆ 9ಎ ಮತ್ತು 8ಎ ಕೂಡಿದರೆ, ಟಿಎಫ್-7ಎಗಿಂತ ಸುಮಾರು 50 ಪಟ್ಟು ಚೆನ್ನಾಗಿ 10ನ್ನು ಎಬ್ಬಿಸುತ್ತದೆ. ಆ 10ಎ ಹುಟ್ಟುವುದೇ ಪ್ಲೇಟ್‌ಲೆಟ್ ಮೇಲೆ, ಅಲ್ಲೇ 5ಎ ಜೊತೆ ಕೂತುಬಿಡುತ್ತದೆ. ಥ್ರಾಂಬಿನ್ ಸುರಿಮಳೆ ಆಗುವುದು ಆಗ.

ನಿಮ್ಮ ಹುಡುಗನಲ್ಲಿ ಮೊದಲ ಕಿಡಿ ಸರಿಯಾಗಿಯೇ ಬಿದ್ದಿದೆ. ಪ್ಲೇಟ್‌ಲೆಟ್ ಗುಡ್ಡೆಯೂ ಕೂಡಿದೆ. ಸುರಿಮಳೆ ಆಗಲಿಲ್ಲ. ಅದಕ್ಕೇ ಹಿಮೊಫಿಲಿಯಾದಲ್ಲಿ ಸೂಜಿ ಚುಚ್ಚಿದ ಜಾಗ ಆಗ ನಿಂತಂತೆ ಕಾಣುತ್ತದೆ, ಗಂಟೆಗಳ ಮೇಲೆ ಮತ್ತೆ ಜಿನುಗುತ್ತದೆ. ಫೈಬ್ರಿನ್ ಎಳೆ ತೆಳ್ಳಗೋ ದಪ್ಪಗೋ, ಬಿಗಿಯೋ ಸಡಿಲವೋ ಎಂಬುದು ಥ್ರಾಂಬಿನ್ ಎಷ್ಟು ರಭಸದಿಂದ ಬಂತು ಎಂಬುದರ ಮೇಲಿದೆ. ಸಡಿಲ ಬಲೆಯನ್ನು ಪ್ಲಾಸ್ಮಿನ್ ಎಂಬ ಕಿಣ್ವ ಬೇಗ ಕರಗಿಸುತ್ತದೆ.

ಮೊಣಕಾಲೇ ಯಾಕೆ ಎಂದು ನೀವು ಕೇಳಲಿಲ್ಲ, ಆದರೂ ಹೇಳುತ್ತೇನೆ. ಕೀಲಿನ ಒಳಪೊರೆಯಲ್ಲೂ ಅಸ್ಥಿಸ್ನಾಯುವಿನಲ್ಲೂ ಟಿಎಫ್ ಮೊದಲೇ ಬಹಳ ಕಡಿಮೆ. ಕಿಡಿಯೂ ಸಣ್ಣದು, ಗಾಳಿ ಊದುವವರೂ ಇಲ್ಲ.

ಪಿಪೆಟ್‌ಹಿಡಿ

ಫೈಬ್ರಿನ್‌ದಾರ ಹೇಳಿದ ನಿಂಬೆಹಣ್ಣಿಗೆ ಮೇಜಿನ ಕಡೆಯ ಲೆಕ್ಕ ಸೇರಿಸುತ್ತೇನೆ.

ಪಿಟಿ ರೀಏಜೆಂಟ್ ಅಂದರೆ ಥ್ರಾಂಬೋಪ್ಲಾಸ್ಟಿನ್: ಟಿಎಫ್, ಫಾಸ್ಫೋಲಿಪಿಡ್, ಕ್ಯಾಲ್ಸಿಯಂ. ಟಿಎಫ್ ಮೊಲದ ಮಿದುಳಿನದಿರಬಹುದು, ಮನುಷ್ಯರ ಮಾಸಿನದಿರಬಹುದು, ಅಥವಾ ಪ್ರಯೋಗಾಲಯದಲ್ಲಿ ಬೆಳೆಸಿ ಫಾಸ್ಫೋಲಿಪಿಡ್‌ಗೆ ಕೂರಿಸಿದ ಮಾನವ ಟಿಎಫ್ ಇರಬಹುದು. ಕ್ವಿಕ್ 1935ರಲ್ಲಿ ಈ ಪರೀಕ್ಷೆ ಹೊರತಂದಾಗಿನಿಂದ ತತ್ವ ಬದಲಾಗಿಲ್ಲ. 37 ಡಿಗ್ರಿಯಲ್ಲಿ 2-3 ನಿಮಿಷ ಬೆಚ್ಚಗಾದ 0.1 ಮಿಲಿ ಪ್ಲಾಸ್ಮಾಕ್ಕೆ ಬೆಚ್ಚಗಿನ 0.2 ಮಿಲಿ ರೀಏಜೆಂಟ್ ರಭಸದಿಂದ ಬಿಟ್ಟು, ಬಿಟ್ಟ ಕ್ಷಣ ಗಡಿಯಾರ ಒತ್ತುವುದು. ಈ ಮಿಶ್ರಣದಲ್ಲಿ ಟಿಎಫ್ ನ್ಯಾನೋಮೋಲಾರ್ ಲೆಕ್ಕದಲ್ಲಿರುತ್ತದೆ. ಒಟ್ಟು ಥ್ರಾಂಬಿನ್ ಎಷ್ಟು ಹುಟ್ಟುತ್ತದೆ ಎಂದು ಅಳೆಯುವ ಥ್ರಾಂಬಿನ್ ಜನರೇಶನ್ ಪರೀಕ್ಷೆಯಲ್ಲಿ ಹಾಕುವುದು 1ರಿಂದ 5 ಪಿಕೋಮೋಲಾರ್ (ಪಿಕೋ ಎಂದರೆ ನ್ಯಾನೋದ ಸಾವಿರದಲ್ಲೊಂದು ಪಾಲು) ಮಾತ್ರ. ನೂರಾರು, ಸಾವಿರಾರು ಪಟ್ಟಿನ ವ್ಯತ್ಯಾಸ. ಪಿಟಿ ಬಾಟಲಿಯ ಟಿಎಫ್ ಮುಂದೆ ಟಿಎಫ್‌ಪಿಐ ಮುಳುಗಿಹೋಗುತ್ತದೆ, 9ಕ್ಕೂ 8ಕ್ಕೂ ಕೆಲಸವೇ ಸಿಗುವುದಿಲ್ಲ.

ಪರೀಕ್ಷಿಸಿ ನೋಡಬೇಕಿದ್ದರೆ ಅದೇ ಥ್ರಾಂಬೋಪ್ಲಾಸ್ಟಿನ್ನನ್ನು ಕ್ಯಾಲ್ಸಿಯಂ ಇರುವ ಬಫರ್‌ನಲ್ಲಿ ಕೆಲವು ನೂರು ಪಟ್ಟು ತೆಳುಮಾಡಿ ಪಿಟಿ ಮಾಡಿ. ನಾರ್ಮಲ್ ಪ್ಲಾಸ್ಮಾ ನಿಧಾನವಾಗುತ್ತದೆ, ಹಿಮೊಫಿಲಿಯಾ ಪ್ಲಾಸ್ಮಾ ಅದಕ್ಕಿಂತ ಬಹಳ ಹಿಂದೆ ಬೀಳುತ್ತದೆ. ಅದೇ ಹುಡುಗ, ಅದೇ ಟಿಎಫ್ ದಾರಿ, ಈಗ ಪಿಟಿ ಅಬ್‌ನಾರ್ಮಲ್. ಬರೀ ನೀರಿನಲ್ಲಿ ತೆಳುಮಾಡಿದರೆ ಕ್ಯಾಲ್ಸಿಯಂ ಕೂಡ ತೆಳುವಾಗಿ ಏನೂ ಅರ್ಥವಾಗದ ಫಲಿತಾಂಶ ಬರುತ್ತದೆ.

ಇನ್ನೊಂದು: ಪಿಟಿ ಗಡಿಯಾರ ನಿಲ್ಲುವುದು ಮೊದಲ ಫೈಬ್ರಿನ್ ಎಳೆ ಕಂಡಾಗ. ಆ ಹೊತ್ತಿಗೆ ಹುಟ್ಟಿರುವುದು ಒಟ್ಟು ಥ್ರಾಂಬಿನ್‌ನ ನೂರಕ್ಕೆ 5ರಷ್ಟು. ಉಳಿದ 95 ಗಡಿಯಾರ ನಿಂತ ಮೇಲೆ ಬರುವುದು. ಹಿಮೊಫಿಲಿಯಾದವರಿಗೆ ಕೊರತೆಯಿರುವುದು ಆ 95ರಲ್ಲಿ. ಓಟದ ಪಂದ್ಯದಲ್ಲಿ ಮೊದಲ ಹೆಜ್ಜೆಗೇ ಸೀಟಿ ಊದಿ ಫಲಿತಾಂಶ ಬರೆದ ಹಾಗೆ.

ಎಪಿಟಿಟಿಯ ಹೆಸರಲ್ಲಿರುವ ‘ಪಾರ್ಷಿಯಲ್’ ಏನೆಂದು ಯೋಚಿಸಿ. ಅರೆ ಥ್ರಾಂಬೋಪ್ಲಾಸ್ಟಿನ್, ಅಂದರೆ ಫಾಸ್ಫೋಲಿಪಿಡ್ ಇದೆ, ಟಿಎಫ್ ಇಲ್ಲ. ಟಿಎಫ್ ತೆಗೆದುಬಿಟ್ಟಿದ್ದರಿಂದಲೇ 8, 9ರ ಕೊರತೆ ಅದರಲ್ಲಿ ಬಯಲಾಗುತ್ತದೆ. ಪ್ಲಾಸ್ಮಾ 0.1, ರೀಏಜೆಂಟ್ 0.1, ಸಿಲಿಕಾ ಅಥವಾ ಎಲಾಜಿಕ್ ಆಸಿಡ್ 12ನ್ನು ಕೆರಳಿಸಲು 3-5 ನಿಮಿಷ, ಆಮೇಲೆ 0.025 ಮೋಲಾರ್ ಕ್ಯಾಲ್ಸಿಯಂ ಕ್ಲೋರೈಡ್ 0.1 ಮಿಲಿ.

ನೀಲಿಮುಚ್ಚಳ

ತುಂಬ ಉಪಕಾರ. 9ಎ ಸುದ್ದಿ ಒಯ್ಯುತ್ತದೆ ಎಂದಾಗ ತಲೆಯೊಳಗೆ ಏನೋ ಸಡಿಲವಾಯಿತು. ಇನ್ನೆರಡು ಸಂಶಯ. 11 ಮತ್ತು 12 ಈ ಕತೆಯಲ್ಲಿ ಎಲ್ಲಿ? ಮತ್ತೆ, ಗಾಯವೇ ಆಗದೆ ಸೆಪ್ಸಿಸ್‌ನಲ್ಲಿ (ಮೈಗೆಲ್ಲ ಏರಿದ ತೀವ್ರ ಸೋಂಕು) ಡಿಐಸಿ (ರಕ್ತನಾಳಗಳಲ್ಲೆಲ್ಲ ಸಣ್ಣ ಹೆಪ್ಪು ಕಟ್ಟುವ ಸ್ಥಿತಿ) ಆಗುತ್ತದಲ್ಲ, ಅಲ್ಲಿ ಟಿಎಫ್ ಎಲ್ಲಿಂದ ಬರುತ್ತದೆ?

ಗಡಿಗೆಮೊಸರು

ಮೊದಲು ಒಂದು ತಕರಾರು. ಹೆಪ್ಪಿನ ಹೋಲಿಕೆ ಒಂದು ಕಡೆ ಜಾರುತ್ತದೆ. ಹಾಲಿನಲ್ಲಿ ಹೆಪ್ಪು ತಾನೇ ಬೆಳೆಯುತ್ತದೆ. ಟಿಎಫ್ ಗಾಯದಲ್ಲಿ ಬೆಳೆಯುವುದಿಲ್ಲ, ಇದ್ದದ್ದು ಇದ್ದಷ್ಟೇ, ಅದನ್ನೂ ಟಿಎಫ್‌ಪಿಐ ಮುಚ್ಚುತ್ತದೆ, ಮೇಲೆ ಪ್ಲೇಟ್‌ಲೆಟ್ ಹೊದಿಕೆ ಬೀಳುತ್ತದೆ. ಬೆಳೆಯುವುದು ಥ್ರಾಂಬಿನ್. ಅದು ತನ್ನನ್ನು ಹುಟ್ಟಿಸಿದ 5, 8, 11ಗಳನ್ನೇ ಮತ್ತೆ ಚುರುಕುಗೊಳಿಸುತ್ತದೆ. ಹೆಪ್ಪಿನ ಪಾತ್ರವನ್ನು ಟಿಎಫ್‌ಗಿಂತ ಮೊದಲ ಚಿಟಿಕೆ ಥ್ರಾಂಬಿನ್‌ಗೆ ಕೊಟ್ಟರೆ ಹೋಲಿಕೆ ನಿಲ್ಲುತ್ತದೆ.

11: ಥ್ರಾಂಬಿನ್ ಅದನ್ನು 11ಎ ಮಾಡುತ್ತದೆ, 11ಎ ಇನ್ನಷ್ಟು 9ಎ ಮಾಡುತ್ತದೆ. ಅಂದರೆ ಇದು ಬೂಸ್ಟರ್. ಟಿಎಫ್ ಚೆನ್ನಾಗಿರುವ ಜಾಗದಲ್ಲಿ ಇಲ್ಲದಿದ್ದರೂ ನಡೆಯುತ್ತದೆ. ಅದಕ್ಕೇ 11ರ ಕೊರತೆಯವರಿಗೆ ಕೀಲಿನೊಳಗೆ ತಾನಾಗಿ ರಕ್ತ ತುಂಬುವುದು ಅಪರೂಪ, ಹಲ್ಲು ಕೀಳಿಸಿದಾಗ, ಟಾನ್ಸಿಲ್ ಅಥವಾ ಪ್ರಾಸ್ಟೇಟ್ ಶಸ್ತ್ರಚಿಕಿತ್ಸೆಯಲ್ಲಿ, ಅಂದರೆ ಗಡ್ಡೆ ಕರಗಿಸುವ ಚಟುವಟಿಕೆ ಜೋರಿರುವ ಕಡೆ, ತೊಂದರೆ.

12: ಕೊರತೆಯಿದ್ದರೆ ಎಪಿಟಿಟಿ 100 ಸೆಕೆಂಡು ದಾಟಬಹುದು, ರಕ್ತಸ್ರಾವ ಮಾತ್ರ ಇರುವುದಿಲ್ಲ. ಈ ಕೊರತೆ ಮೊದಲು ಗುರುತಾದದ್ದು ಜಾನ್ ಹೇಗ್‌ಮನ್ ಎಂಬ ರೈಲ್ವೆ ನೌಕರರಲ್ಲಿ, ಫ್ಯಾಕ್ಟರ್‌ಗೂ ಅವರದೇ ಹೆಸರು. ಅವರು 1968ರಲ್ಲಿ ತೀರಿಕೊಂಡದ್ದು ಸೊಂಟದ ಮೂಳೆ ಮುರಿದು ಮಲಗಿದ್ದಾಗ ಶ್ವಾಸಕೋಶಕ್ಕೆ ಹೆಪ್ಪು ಹೋಗಿ! ಎಪಿಟಿಟಿ ಉದ್ದವಿದ್ದ ಮಾತ್ರಕ್ಕೆ ಆಪರೇಷನ್ ಮುಂದೂಡುವವರು ಇದನ್ನು ನೆನಪಿಟ್ಟುಕೊಳ್ಳಬೇಕು.

ಡಿಐಸಿ: ಬ್ಯಾಕ್ಟೀರಿಯಾದ ಎಂಡೋಟಾಕ್ಸಿನ್ ತಾಗಿದರೆ ಮೋನೋಸೈಟ್ ಎಂಬ ಬಿಳಿರಕ್ತಕಣಗಳು ತಮ್ಮ ಮೈಮೇಲೆ ಟಿಎಫ್ ಕಟ್ಟಿಕೊಳ್ಳುತ್ತವೆ. ಗೋಡೆಯಾಚೆ ಇರಬೇಕಾದದ್ದು ಈಗ ರಕ್ತದೊಳಗೇ ಸುತ್ತುತ್ತದೆ. ಮಾಸು ಮೊದಲೇ ಕಳಚಿಕೊಂಡಾಗ ಮಾಸಿನ ಟಿಎಫ್ ತಾಯಿಯ ರಕ್ತಕ್ಕೆ ನುಗ್ಗುತ್ತದೆ. ಪ್ರೋಮೈಲೋಸಿಟಿಕ್ ಲ್ಯುಕೇಮಿಯಾದಲ್ಲಿ ಆ ಕೆಟ್ಟ ಕೋಶಗಳೇ ಟಿಎಫ್ ಹೊತ್ತಿರುತ್ತವೆ, ಪ್ಲಾಸ್ಮಿನ್ ಹಾವಳಿಯೂ ಜೊತೆಗೆ. ಮಿದುಳಿಗೆ ಜೋರು ಪೆಟ್ಟು ಬಿದ್ದರೂ ಅಷ್ಟೇ, ಮಿದುಳು ಟಿಎಫ್‌ನ ಕಣಜ.

ಟಿಎಫ್ ಕಂಡ ಕೂಡಲೇ ಚುರುಕು ಎಂದೂ ಅಲ್ಲ. ಕೋಶದ ಮೇಲಿನ ಟಿಎಫ್‌ನ ಬಹುಪಾಲು ಸುಮ್ಮನೆ ಮಲಗಿರುತ್ತದೆ. 7ನ್ನು ಹಿಡಿದುಕೊಂಡಿದ್ದರೂ 10ನ್ನು ಸರಿಯಾಗಿ ಕತ್ತರಿಸದು. ಕೋಶಕ್ಕೆ ಪೆಟ್ಟಾದಾಗ ಪೊರೆಯ ಒಳಪದರದಲ್ಲಿ ಅಡಗಿದ್ದ ಫಾಸ್ಫಟಿಡಿಲ್‌ಸೆರಿನ್ ಹೊರಪದರಕ್ಕೆ ಮಗುಚಿಕೊಳ್ಳುತ್ತದೆ. 7, 9, 10, 2ರ ಗ್ಲಾ ಭಾಗಗಳು (ಕಾರ್ಬಾಕ್ಸಿ ಗುಂಪು ಹೆಚ್ಚಿಗೆ ಸೇರಿಸಿದ ಗ್ಲುಟಮಿಕ್ ಆಮ್ಲವಿರುವ ತುದಿ) ಕ್ಯಾಲ್ಸಿಯಂ ನಡುವಿಟ್ಟುಕೊಂಡು ಅಂಟುವುದು ಈ ಋಣ ವಿದ್ಯುದಂಶದ ಮೇಲ್ಮೈಗೆ. ಆ ಗ್ಲಾ ಅಂಶಗಳನ್ನು ಯಕೃತ್ತಿನಲ್ಲಿ ಕಟ್ಟಲು ವಿಟಮಿನ್ ಕೆ ಬೇಕು. ಹೆಪ್ಪು ತಡೆಯುವ ಮಾತ್ರೆ ವಾರ್ಫರಿನ್ ಕೆಲಸ ಮಾಡುವುದು, ಇಲಿಪಾಷಾಣದ ಬ್ರೋಡಿಫಾಕಮ್ ಕೊಲ್ಲುವುದು ಇದೇ ಜಾಗದಲ್ಲಿ. ಪ್ರೋಟೀನಿನ ಪ್ರಮಾಣ ಹೆಚ್ಚು ಕಡಿಮೆ ಇದ್ದರೂ ಅಂಟುವ ಕೈ ಇರುವುದಿಲ್ಲ.

ಕ್ಯಾಶುಯಾಲ್ಟಿರಾತ್ರಿ

ವಾರ್ಫರಿನ್ ಮಾತು ಬಂತು, ಒಂದು ಎಚ್ಚರಿಕೆ ಇಲ್ಲೇ ಹಾಕಿಬಿಡುತ್ತೇನೆ. 7ರ ಅರ್ಧಾಯುಷ್ಯ 4ರಿಂದ 6 ಗಂಟೆ, ಪ್ರೋಥ್ರಾಂಬಿನ್‌ದು 60-72 ಗಂಟೆ. ಮಾತ್ರೆ ಶುರುವಾದ ಎರಡನೇ ಮೂರನೇ ದಿನ ಐಎನ್‌ಆರ್ (ರೀಏಜೆಂಟಿನ ವ್ಯತ್ಯಾಸ ಸರಿದೂಗಿಸಿದ ಪಿಟಿ ಅನುಪಾತ) 2 ದಾಟಿದರೆ ಅದು ಬಹುಮಟ್ಟಿಗೆ 7 ಬಿದ್ದದ್ದರ ಲೆಕ್ಕ. ಪ್ರೋಥ್ರಾಂಬಿನ್ ಇನ್ನೂ ತುಂಬಿಕೊಂಡಿದೆ, ಹೊಸ ಹೆಪ್ಪು ಕಟ್ಟುವ ಶಕ್ತಿ ಕುಗ್ಗಿಲ್ಲ. ಕನಿಷ್ಠ 5 ದಿನ ಹೆಪಾರಿನ್ ಚುಚ್ಚುಮದ್ದು ಜೊತೆಗಿಡುವುದು, ಐಎನ್‌ಆರ್ 24 ಗಂಟೆ 2ರ ಮೇಲೆ ನಿಂತ ಮೇಲೆ ಹೆಪಾರಿನ್ ನಿಲ್ಲಿಸುವುದು ಇದಕ್ಕಾಗಿ.

ಟಿಎಫ್ ಇಲ್ಲದೆಯೇ ಸರಪಳಿ ಹತ್ತಿಕೊಳ್ಳುವ ಒಂದು ನಿದರ್ಶನ ನಮ್ಮ ಹೊಲದ ಬದುವಿನಲ್ಲೇ ಇದೆ: ಕೊಳಕುಮಂಡಲ. ಇದರ ವಿಷದಲ್ಲಿ 10ನ್ನು ನೇರವಾಗಿ ಎಬ್ಬಿಸುವ ಒಂದು ಲೋಹಕಿಣ್ವವಿದೆ, ಟಿಎಫ್-7ಎ ಕತ್ತರಿಸುವ ಅದೇ ಜಾಗದಲ್ಲಿ ಕತ್ತರಿಸುತ್ತದೆ. 5ನ್ನು ಎಬ್ಬಿಸುವ ಇನ್ನೊಂದು ಕಿಣ್ವವೂ ಇದೆ. ಎರಡೂ ಸೇರಿದರೆ ಥ್ರಾಂಬಿನ್ ಹುಟ್ಟಿಸುವ 10ಎ-5ಎ ಜೋಡಿ, ಅಂದರೆ ಪ್ರೋಥ್ರಾಂಬಿನೇಸ್, ಸಿದ್ಧ. ಗಾಯದ ಜಾಗ ಎಂಬ ಕಟ್ಟುಪಾಡಿಲ್ಲ, ಟಿಎಫ್‌ಪಿಐ ಬೀಗಕ್ಕೆ ಬಗ್ಗುವುದಿಲ್ಲ, ರಕ್ತದ ಉದ್ದಗಲಕ್ಕೂ ಥ್ರಾಂಬಿನ್. ಫೈಬ್ರಿನೋಜೆನ್, 5, 10 ಖರ್ಚಾಗಿ ಮುಗಿದ ಮೇಲೆ ಒಸಡಿನಿಂದ, ಮೂತ್ರದಲ್ಲಿ, ಸೂಜಿ ಚುಚ್ಚಿದಲ್ಲೆಲ್ಲ ರಕ್ತ. ಆಗ ಪಿಟಿ ಉದ್ದ ಬರುತ್ತದೆ, ಆದರೆ ಟಿಎಫ್ ದಾರಿ ಕೆಟ್ಟದ್ದರಿಂದಲ್ಲ, ಸಾಮಾನು ಖಾಲಿಯಾದದ್ದರಿಂದ. ಗರಗಸ ಮಂಡಲದ ವಿಷ ಇನ್ನೂ ಕೆಳಗೆ ಹೋಗಿ ಪ್ರೋಥ್ರಾಂಬಿನ್ನನ್ನೇ ಎಬ್ಬಿಸುತ್ತದೆ.

ಹಾವು ಕಡಿದವರಿಗೆ ಮಾಡುವ 20 ನಿಮಿಷದ ಪರೀಕ್ಷೆ ಎಷ್ಟು ಕಡೆ ತಪ್ಪಾಗುತ್ತದೆ ಎಂದರೆ ಬೇಸರವಾಗುತ್ತದೆ. 2 ಮಿಲಿ ತಾಜಾ ರಕ್ತ, ಒಣಗಿದ ಶುಭ್ರ ಗಾಜಿನ ನಳಿಕೆ, ಅಲುಗಾಡಿಸದೆ 20 ನಿಮಿಷ, ಒಮ್ಮೆ ಮಾತ್ರ ಬಗ್ಗಿಸಿ ನೋಡುವುದು. ಈ ನಳಿಕೆಯಲ್ಲಿ ಕೆಲಸ ಶುರು ಮಾಡುವುದು ಟಿಎಫ್ ಅಲ್ಲ, ಗಾಜು. ಗಾಜು ಫ್ಯಾಕ್ಟರ್ 12ನ್ನು ಕೆರಳಿಸುತ್ತದೆ. ಪ್ಲಾಸ್ಟಿಕ್ ನಳಿಕೆ ಹಾಕಿದರೆ ಒಳ್ಳೆಯ ರಕ್ತವೂ 20 ನಿಮಿಷಕ್ಕೆ ಕಟ್ಟದಿರಬಹುದು. ಸೋಪಿನಲ್ಲಿ ತೊಳೆದ ಗಾಜೂ ಅಷ್ಟೇ, ಸೋಪಿನ ಪದರ ಗಾಜಿನ ಮೇಲ್ಮೈಯನ್ನು ಮುಚ್ಚುತ್ತದೆ. ಎರಡೂ ಕಡೆ ಬೇಡದ ಆಂಟಿವೆನಮ್ ಏರುತ್ತದೆ. ಪಕ್ಕದಲ್ಲಿ ಆರೋಗ್ಯವಂತರೊಬ್ಬರ ರಕ್ತವನ್ನು ಅದೇ ಥರದ ನಳಿಕೆಯಲ್ಲಿಟ್ಟರೆ ಈ ಮೋಸ ಅಲ್ಲೇ ಸಿಕ್ಕಿಬೀಳುತ್ತದೆ. ಆಂಟಿವೆನಮ್ ಕೊಟ್ಟ ಮೇಲೆ ಪರೀಕ್ಷೆಯನ್ನು 6 ಗಂಟೆಗೊಮ್ಮೆ ಮಾಡುತ್ತಾರೆ. ವಿಷ ತಟಸ್ಥವಾದರೂ ಯಕೃತ್ತು ಫ್ಯಾಕ್ಟರ್‌ಗಳನ್ನು ಮತ್ತೆ ತುಂಬಿಸಲು ಅಷ್ಟು ಹೊತ್ತು ಬೇಕು. ಅರ್ಧ ಗಂಟೆಗೇ ನೋಡಿ ‘ಇನ್ನೂ ಕಟ್ಟಿಲ್ಲ’ ಎಂದು ಮತ್ತೆ ವಯಲ್ ಒಡೆಯುವುದರಲ್ಲಿ ಅರ್ಥವಿಲ್ಲ.

ಪಿಪೆಟ್‌ಹಿಡಿ

ಟಿಎಫ್ ಬೇಡದ ಕಡೆ ಬಂದು ಪಿಟಿ ಕೆಡಿಸುವುದೂ ಇದೆ. ನರ ಸಿಗದೆ ಸೂಜಿಯನ್ನು ಅತ್ತಿತ್ತ ಆಡಿಸಿ ರಕ್ತ ಎಳೆದರೆ ಅಂಗಾಂಶದ ರಸ, ಅಂದರೆ ಟಿಎಫ್, ನಳಿಕೆಗೆ ಬರುತ್ತದೆ. ಸಿಟ್ರೇಟ್ ಬೆರೆಯುವ ಮೊದಲೇ ಸಣ್ಣ ಗಡ್ಡೆಗಳಾಗುತ್ತವೆ. ಆಮೇಲೆ ಫಲಿತಾಂಶ ಸುಳ್ಳು ಚಿಕ್ಕದಾಗಬಹುದು, ಫೈಬ್ರಿನೋಜೆನ್ ಖರ್ಚಾಗಿದ್ದರೆ ಸುಳ್ಳು ಉದ್ದವಾಗಬಹುದು. ಕಡ್ಡಿ ಆಡಿಸಿ ಗಡ್ಡೆ ಇದೆಯೇ ನೋಡಿ. ಇದ್ದರೆ ಹೊಸ ಸ್ಯಾಂಪಲ್ ತರಿಸಿ, ‘ಗಡ್ಡೆ ತೆಗೆದು ಮಾಡಿದೆ’ ಎನ್ನುವ ಜಾಣತನ ಬೇಡ.

ನೀಲಿ ಮುಚ್ಚಳದ ನಳಿಕೆಯಲ್ಲಿ 3.2 ಶೇಕಡಾ ಸಿಟ್ರೇಟ್ 0.3 ಮಿಲಿ, ರಕ್ತ 2.7 ಮಿಲಿ ಗೆರೆಯವರೆಗೆ. ಕಡಿಮೆ ತುಂಬಿದರೆ ಹೆಚ್ಚಾದ ಸಿಟ್ರೇಟ್ ರೀಏಜೆಂಟಿನ ಕ್ಯಾಲ್ಸಿಯಂ ಅನ್ನೇ ಕಟ್ಟಿಹಾಕುತ್ತದೆ, ಕಾಲ ಉದ್ದವಾಗುತ್ತದೆ. ಬಟರ್‌ಫ್ಲೈ ಸೂಜಿಯಾದರೆ ಕೊಳವೆಯೊಳಗಿನ ಗಾಳಿ ಮೊದಲ ನಳಿಕೆಯ ನಿರ್ವಾತ ತಿನ್ನುತ್ತದೆ, ಒಂದು ನಳಿಕೆ ಎಸೆಯಲು ಇಟ್ಟುಕೊಳ್ಳಿ. ಕ್ಯಾಲ್ಸಿಯಂ ಕಟ್ಟಿಹಾಕುವ ಇಡಿಟಿಎ ಇರುವ ನೇರಳೆ ನಳಿಕೆಯಿಂದ ನೀಲಿಗೆ ಸುರಿಯುವುದಂತೂ ಅಪರಾಧ.

ಹಿಮಟೋಕ್ರಿಟ್ (ರಕ್ತದಲ್ಲಿ ಕೆಂಪುಕಣಗಳ ಶೇಕಡಾ ಪಾಲು) 55 ದಾಟಿದವರಲ್ಲಿ ಪ್ಲಾಸ್ಮಾ ಕಡಿಮೆ, ಅದೇ ಸಿಟ್ರೇಟ್ ಜಾಸ್ತಿಯಾಗುತ್ತದೆ. ಹುಟ್ಟಿನಿಂದ ಹೃದಯದ ತೊಂದರೆಯಿದ್ದು ನೀಲಿಗಟ್ಟುವ ಮಕ್ಕಳಲ್ಲಿ ಇದು ಸಾಮಾನ್ಯ. ಬೇಕಾದ ಸಿಟ್ರೇಟ್ = 0.00185 × (100 − ಹಿಮಟೋಕ್ರಿಟ್) × ರಕ್ತದ ಮಿಲಿ. ಹಿಮಟೋಕ್ರಿಟ್ 60, ರಕ್ತ 2.7 ಎಂದರೆ 0.2 ಮಿಲಿ ಸಾಕು, 0.1 ಮಿಲಿ ತೆಗೆದುಬಿಡಬೇಕು.

ಸ್ಯಾಂಪಲ್ಲನ್ನು ಫ್ರಿಜ್‌ನಲ್ಲಿಟ್ಟರೆ ಒಳ್ಳೆಯದು ಅಂದುಕೊಳ್ಳುತ್ತಾರೆ. ಪಿಟಿಗೆ ಅದು ತಪ್ಪು, ಚಳಿಗೆ 7 ತಾನಾಗಿ ಚುರುಕಾಗಿ ಪಿಟಿ ಚಿಕ್ಕದಾಗುತ್ತದೆ. ಕೋಣೆಯ ಉಷ್ಣತೆಯಲ್ಲೇ ಪಿಟಿಗೆ 24 ಗಂಟೆ, ಎಪಿಟಿಟಿಗೆ 4 ಗಂಟೆ.

ಟಿಎಫ್ ಯಾವ ಪ್ರಾಣಿಯದು ಎಂಬುದಕ್ಕೂ ಬೆಲೆಯಿದೆ. ಪಿಟಿ 24, ನಾರ್ಮಲ್ ಸರಾಸರಿ 12 ಎಂದಿಟ್ಟುಕೊಳ್ಳಿ. ಬಾಟಲಿಯ ಐಎಸ್‌ಐ (ಆ ರೀಏಜೆಂಟಿನ ಸೂಕ್ಷ್ಮತೆಯ ಅಂಕಿ; ಪಿಟಿ ಅನುಪಾತವನ್ನು ಇದರ ಘಾತಕ್ಕೇರಿಸಿದರೆ ಐಎನ್‌ಆರ್) 1.0 ಆದರೆ ಐಎನ್‌ಆರ್ 2.0, ಐಎಸ್‌ಐ 1.4 ಆದರೆ 2.64. ಹೊಸ ಲಾಟ್ ಬಂದಾಗ ಹಳೇ ಐಎಸ್‌ಐ ಯಂತ್ರದಲ್ಲಿ ಹಾಗೇ ಉಳಿದರೆ ಆ ದಿನದ ಎಲ್ಲ ಐಎನ್‌ಆರ್ ಕಸ. ಇನ್ನೊಂದು ಸೂಕ್ಷ್ಮ: ಪಿಟಿ ಮಾತ್ರ ಉದ್ದವಿದ್ದು 7 ಕಡಿಮೆ ಬಂದವರಲ್ಲಿ ಕೆಲವರದು ಮೊಲದ ಟಿಎಫ್ ಜೊತೆ ಮಾತ್ರ ಹೊಂದದ 7. ಮಾನವ ಟಿಎಫ್‌ನಲ್ಲಿ ಮತ್ತೆ ಮಾಡಿದರೆ ಮಟ್ಟ ಬಹಳ ಮೇಲೆ ಬರುತ್ತದೆ, ರಕ್ತಸ್ರಾವವೂ ಇರುವುದಿಲ್ಲ. ಮೊಲದ ಲೆಕ್ಕ ನಂಬಿ ಫ್ಯಾಕ್ಟರ್ ಏರಿಸುವ ಮೊದಲು ಇದನ್ನು ನೋಡಿ.

ಫೈಬ್ರಿನ್‌ದಾರ

ಗಡಿಗೆಮೊಸರು ಹೇಳಿದ ತಿದ್ದುಪಡಿ ಒಪ್ಪಿದೆ.

ಈ ಎಲ್ಲ ಲೆಕ್ಕ ಔಷಧಿಗಳಲ್ಲಿ ಹೇಗೆ ಕೂತಿದೆ ನೋಡಿ. 8ಕ್ಕೆ ಪ್ರತಿಕಾಯ ಬೆಳೆದವರಿಗೆ 7ಎಯನ್ನೇ ಕೆಜಿಗೆ 90 ಮೈಕ್ರೋಗ್ರಾಂನಂತೆ 2-3 ಗಂಟೆಗೊಮ್ಮೆ ಕೊಡುತ್ತಾರೆ. ಆ ಮಟ್ಟದಲ್ಲಿ 7ಎ ಟಿಎಫ್ ಇಲ್ಲದೆಯೂ ಎದ್ದ ಪ್ಲೇಟ್‌ಲೆಟ್ ಮೇಲೆ ಒಂದಿಷ್ಟು 10ನ್ನು ಎಬ್ಬಿಸುತ್ತದೆ, 9ಎ-8ಎ ಮಾಡಬೇಕಾದ ಕೆಲಸವನ್ನು ಒರಟಾಗಿ ಮಾಡಿಕೊಡುತ್ತದೆ. ಎಮಿಸಿಜುಮಾಬ್ ಎಂಬ ಪ್ರತಿಕಾಯ ಔಷಧಿ ಒಂದು ಕೈಯಲ್ಲಿ 9ಎ, ಇನ್ನೊಂದು ಕೈಯಲ್ಲಿ 10 ಹಿಡಿದು 8ಎಯ ಜಾಗ ತುಂಬುತ್ತದೆ. ಕಾನ್ಸಿಜುಮಾಬ್, ಮಾರ್ಸ್ಟಾಸಿಮಾಬ್ ಎರಡೂ ಟಿಎಫ್‌ಪಿಐ ಬೀಗವನ್ನೇ ಒಡೆಯುತ್ತವೆ. ಸುರಿಮಳೆ ತರಿಸಲಾಗದಿದ್ದರೆ ಕಿಡಿಯನ್ನಾದರೂ ಹೆಚ್ಚು ಹೊತ್ತು ಉರಿಸುವ ಉಪಾಯ. ನೀಲಿಮುಚ್ಚಳ ಕೇಳಿದ ‘ಟಿಎಫ್ ಒಂದೇ ಸಾಲದೇ’ ಎಂಬ ಪ್ರಶ್ನೆಗೆ ಬೀಗ ತೆಗೆದರೆ ಬಹುಮಟ್ಟಿಗೆ ಸಾಕು ಎಂದು ಈ ಔಷಧಿಗಳು ಉತ್ತರ ಕೊಟ್ಟಂತಾಗಿದೆ. ಹೆಪ್ಪು ಬೇಡದ ಕಡೆ ಕಟ್ಟುವ ಅಪಾಯ ಅದರ ಬೆಲೆ.

ಲ್ಯಾಬಿನವರು ಗಮನಿಸಬೇಕಾದದ್ದು: ಎಮಿಸಿಜುಮಾಬ್ ಮೇಲಿರುವವರ ಎಪಿಟಿಟಿ ನಾರ್ಮಲ್ ಅಥವಾ ಅದಕ್ಕಿಂತ ಚಿಕ್ಕದು ಬರುತ್ತದೆ, ಅದನ್ನು ನಂಬುವಂತಿಲ್ಲ. ಎಪಿಟಿಟಿ ಆಧರಿಸಿದ 8ರ ಅಳತೆಯೂ ಸುಳ್ಳು. ದನದ ಪ್ರೋಟೀನು ಬಳಸುವ ಕ್ರೋಮೋಜೆನಿಕ್ (ಬಣ್ಣ ಅಳೆಯುವ) ವಿಧಾನವೇ ಬೇಕು.

ನೀಲಿಮುಚ್ಚಳ

ಕೊನೆಯದೊಂದು. ಈ 78 ಸೆಕೆಂಡಿನ ಸ್ಯಾಂಪಲ್ ಕೈಯಲ್ಲಿದ್ದರೆ ಮುಂದಿನ ಹೆಜ್ಜೆ ನೇರ 8ರ ಅಸ್ಸೇನಾ, ನಾರ್ಮಲ್ ಪ್ಲಾಸ್ಮಾ ಬೆರೆಸಿ ನೋಡುವ ಮಿಕ್ಸಿಂಗಾ?

ಪಿಪೆಟ್‌ಹಿಡಿ

ಮಿಕ್ಸಿಂಗ್. ಅದಕ್ಕೂ ಮೊದಲು ಹೆಪಾರಿನ್ ಬೆರಕೆ ಇಲ್ಲವೆಂದು ಥ್ರಾಂಬಿನ್ ಟೈಮ್‌ನಿಂದ ಖಾತ್ರಿ ಮಾಡಿಕೊಳ್ಳಿ. ಪಿಟಿ ನಾರ್ಮಲ್ ಇದೆ ಎಂದು ಹೆಪಾರಿನ್ ಇಲ್ಲ ಅನ್ನಬೇಡಿ, ಪಿಟಿ ರೀಏಜೆಂಟುಗಳಲ್ಲಿ ಸಾಮಾನ್ಯವಾಗಿ ಹೆಪಾರಿನ್ ನುಂಗುವ ವಸ್ತು ಸೇರಿಸಿರುತ್ತಾರೆ.

ಹುಡುಗನ ಪ್ಲಾಸ್ಮಾ ಒಂದು ಭಾಗ, ನಾರ್ಮಲ್ ಪೂಲ್ ಪ್ಲಾಸ್ಮಾ ಒಂದು ಭಾಗ. ಬೆರೆಸಿದ ತಕ್ಷಣ ಒಮ್ಮೆ, 37 ಡಿಗ್ರಿಯಲ್ಲಿ 2 ಗಂಟೆ ಇಟ್ಟು ಇನ್ನೊಮ್ಮೆ ಎಪಿಟಿಟಿ. ಹೋಲಿಕೆಗೆ ಎರಡು ಪ್ಲಾಸ್ಮಾಗಳನ್ನೂ ಬೇರೆಬೇರೆಯಾಗಿ 2 ಗಂಟೆ ಇಟ್ಟು ಕೊನೆಗೆ ಬೆರೆಸಿದ ನಳಿಕೆಯೂ ಇರಬೇಕು, ಯಾಕೆಂದರೆ 8 ಆ ಬಿಸಿಯಲ್ಲಿ ತಾನಾಗಿಯೂ ಸ್ವಲ್ಪ ಸಾಯುತ್ತದೆ. ಎರಡೂ ಸಲ ಸರಿಹೋದರೆ ಕೊರತೆ: 8, 9, 11 ಅಳೆಯಿರಿ, 8 ಕಡಿಮೆಯಿದ್ದರೆ ವಾನ್ ವಿಲ್ಲೆಬ್ರಾಂಡ್ ಕೂಡ. ಬೆರೆಸಿದಾಗ ಸರಿಹೋಗಿ 2 ಗಂಟೆಗೆ ಮತ್ತೆ ಉದ್ದವಾದರೆ 8ರ ಪ್ರತಿಕಾಯ. ಮೊದಲ ಸಲವೇ ಸರಿಹೋಗದಿದ್ದರೆ ಲೂಪಸ್ ಆಂಟಿಕೋಆಗ್ಯುಲೆಂಟ್ (ಪರೀಕ್ಷೆಯ ಫಾಸ್ಫೋಲಿಪಿಡ್‌ಗೆ ಅಡ್ಡಬರುವ ಪ್ರತಿಕಾಯ) ಹುಡುಕಿ. ಆ ಪರೀಕ್ಷೆಯ ರೀಏಜೆಂಟಿಗೆ ಬೇಕಾದದ್ದು ಮತ್ತೆ ಕೊಳಕುಮಂಡಲದ ವಿಷವೇ, ತೆಳುಮಾಡಿದ್ದು.